ನೆರವೇರಿದ ಮಾತು: ಮತ್ತಾಯನ ಸುವಾರ್ತೆಯಲ್ಲಿ ಹೀಬ್ರೂ ಪ್ರವಾದನೆಗಳ ವಿನಿಯೋಗ

ಮಂಜೇಶ್ವರದ ಗೋವಿಂದ ಪೈಯವರ ‘ಗೊಲ್ಗೊಥಾ’ ಖಂಡಕಾವ್ಯವು 1937ರಲ್ಲಿ ಪ್ರಕಟವಾದಂದಿನಿಂದ ಯೇಸುವಿನ ಕಡೆಯ ದಿನದ ಕಥೆ ಕನ್ನಡ ಕಾವ್ಯರಸಿಕರಿಗೆ ಪರಕೀಯವಾಗಿ ಉಳಿದಿಲ್ಲ. ಆದರೆ ಆ ಕಥೆಯ ಮೂಲವನ್ನು ಅರಸಿ ಸುವಾರ್ತೆಗಳನ್ನು ತೆರೆದ ಕನ್ನಡ ಓದುಗನನ್ನು ಒಂದು ಮಾತು ಮತ್ತೆ ಮತ್ತೆ ತಡೆದು ನಿಲ್ಲಿಸುತ್ತದೆ. ಮಗು ಹುಟ್ಟುವುದಕ್ಕೆ ಮೊದಲು, ತಾಯಿತಂದೆಗಳು ಅದನ್ನೆತ್ತಿಕೊಂಡು ಐಗುಪ್ತಕ್ಕೆ ಓಡಿಹೋದಾಗ, ಯೇಸು ಕತ್ತೆಯನ್ನೇರಿ ಯೆರೂಸಲೇಮನ್ನು ಹೊಕ್ಕಾಗ, ಶಿಲುಬೆಯ ಬುಡದಲ್ಲಿ ಸಿಪಾಯಿಗಳು ಅವನ ಬಟ್ಟೆಗಾಗಿ ಚೀಟು ಹಾಕಿದಾಗ, ಇದರಿಂದ ಪ್ರವಾದಿಯ ಮಾತು ನೆರವೇರಿತೆಂದು ಕಥೆಗಾರನು ನಡುವೆ ಬಂದು ಹೇಳುತ್ತಾನೆ. ಮತ್ತಾಯನೊಬ್ಬನಲ್ಲಿಯೇ ಇಂತಹ ಸ್ಥಳಗಳು ಹತ್ತಕ್ಕೆ ಕಡಮೆಯಿಲ್ಲ.

ಇದನ್ನು ಏನೆಂದು ತಿಳಿಯಬೇಕು? ಎರಡು ಅವಸರದ ಉತ್ತರಗಳು ಸಿದ್ಧವಾಗಿವೆ. ಏಳುನೂರು ವರ್ಷಗಳ ಹಿಂದೆ ನುಡಿದ ಭವಿಷ್ಯ ಅಕ್ಷರಶಃ ಫಲಿಸಿರುವಾಗ ಬೇರೆ ಪ್ರಮಾಣವೇಕೆ ಎನ್ನುವುದು ಒಂದು. ಯಾವುದೋ ಕಾಲದ ಯಾವುದೋ ಮಾತನ್ನು ಸಂದರ್ಭದಿಂದ ಕಿತ್ತು ತನಗೆ ಬೇಕಾದ ಕಡೆ ಅಂಟಿಸಿದ್ದಾನೆ ಎನ್ನುವುದು ಇನ್ನೊಂದು. ಮೊದಲನೆಯದು ಭಕ್ತರದು, ಎರಡನೆಯದು ವಿಚಾರವಾದಿಗಳದು. ಪರಸ್ಪರ ವಿರುದ್ಧವೆಂದು ತೋರುವ ಈ ಇಬ್ಬರೂ ಒಂದು ವಿಷಯದಲ್ಲಿ ಏಕಮತದವರು: ಪ್ರವಾದನೆಯೆಂದರೆ ಕೊಡೇಕಲ್ಲಿನ ಪರಂಪರೆಯವರು ಹೇಳುವ ಕಾಲಜ್ಞಾನದಂತಹ ಒಂದು ಮುನ್ಸೂಚನೆ, ಅದು ಫಲಿಸಿತೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ, ಎಂಬುದು ಇಬ್ಬರ ಗ್ರಹಿಕೆಯೂ ಹೌದು. ನಮಗೆ ತೋರುವಂತೆ ಮತ್ತಾಯನ ಕೈಯಲ್ಲಿ ನೆರವೇರಿಕೆಯೆಂಬುದು ಒಂದು ಓದಿನ ಕ್ರಮ. ಘಟನೆಯನ್ನು ಕಂಡವರು ಗ್ರಂಥಕ್ಕೆ ಹಿಂದಿರುಗಿ ನಡೆಸಿದ ಓದು ಅದು. ಅದನ್ನು ಕೋರ್ಟಿನ ಸಾಕ್ಷ್ಯವನ್ನಾಗಿ ಮಾಡಿದಾಗ ಮತ್ತಾಯನಿಗೂ ಅನ್ಯಾಯವಾಯಿತು, ಪ್ರವಾದಿಗಳಿಗೂ ಅನ್ಯಾಯವಾಯಿತು. ಆ ಗ್ರಂಥದ ಮೊದಲ ಒಡೆಯರಾದ ಯೆಹೂದ್ಯರಿಗೆ ಆದ ಅನ್ಯಾಯವಂತೂ ಇತಿಹಾಸವೇ ಆಗಿಹೋಗಿದೆ.

ಮೊದಲು ಶಬ್ದವನ್ನು ವಿಚಾರಿಸೋಣ. ಕನ್ನಡದಲ್ಲಿ ಹರಕೆ ನೆರವೇರುತ್ತದೆ, ಮದುವೆ ನೆರವೇರುತ್ತದೆ, ಹೊತ್ತ ಕಾರ್ಯ ನೆರವೇರುತ್ತದೆ. ಅಂದುಕೊಂಡದ್ದು ಮುಗಿಯಿತೆಂಬ ಭಾವ ಇದರಲ್ಲಿ ಮುಂದಾಗಿ ನಿಲ್ಲುತ್ತದೆ. ಮತ್ತಾಯನು ಬಳಸಿದ ಗ್ರೀಕ್ ಧಾತುವಿಗೆ ಮೂಲಾರ್ಥ ‘ತುಂಬು’ ಎಂದು. ಅದೇ ಧಾತುವನ್ನು ಅವನು 13ನೆಯ ಅಧ್ಯಾಯದಲ್ಲಿ ಮೀನಿನ ಬಲೆಗೆ ಬಳಸಿದ್ದಾನೆ. ಬಲೆ ತುಂಬಿದ ಮೇಲೆ ಅದನ್ನು ದಡಕ್ಕೆ ಎಳೆದರೆಂಬ ಸಾಮತಿ ಅದು. ಆಡಿದ ಮಾತು ಕೊಟ್ಟ ವಾಯಿದೆಯಂತೆ ತೀರಿತೆನ್ನುವುದು ಬೇರೆ, ಇದ್ದ ಮಾತಿನೊಳಕ್ಕೆ ಅರ್ಥ ತುಂಬಿಬಂದಿತೆನ್ನುವುದು ಬೇರೆ. ಕನ್ನಡ ಬೈಬಲು ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರ ಪರಿಶ್ರಮದಿಂದ 1831ರ ವೇಳೆಗೆ ಪೂರ್ಣವಾಯಿತು. ಅಲ್ಲಿಂದೀಚೆಗೆ ಹಲವು ಪರಿಷ್ಕರಣಗಳೂ ಆಗಿವೆ. ಅನುವಾದಕರನ್ನು ನಾವು ದೂರುತ್ತಿಲ್ಲ. ‘ಮಾತು ತುಂಬಿತು’ ಎಂದು ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಪಾಠ ಹೇಳುವವರು ಈ ಎರಡು ಶಬ್ದಗಳ ನಡುವಣ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡಿರುವುದು ಮೇಲು.

ಇನ್ನು ಉದಾಹರಣೆಗಳಿಗೆ ಬರೋಣ. ಎಲ್ಲಕ್ಕಿಂತ ಹೆಚ್ಚು ಜಗಳ ನಡೆದಿರುವುದು ಯೆಶಾಯನ 7ನೆಯ ಅಧ್ಯಾಯದ 14ನೆಯ ವಾಕ್ಯದ ಮೇಲೆ. ಅದರ ಸಂದರ್ಭ ಹೀಗಿದೆ. ಕ್ರಿ. ಪೂ. 734ರ ಸುಮಾರಿನಲ್ಲಿ ಅರಾಮಿನ ಅರಸನಾದ ರೆಚೀನನೂ ಉತ್ತರದ ಇಸ್ರೇಲಿನ ಅರಸನಾದ ಪೆಕಹನೂ ಒಂದಾಗಿ ಯೂದಾಯದ ಮೇಲೆ ದಂಡೆತ್ತಿ ಬಂದರು. ಯೆರೂಸಲೇಮಿನ ದೊರೆ ಆಹಾಜನು ಗಾಳಿಗೆ ಸಿಕ್ಕಿದ ಗಿಡದಂತೆ ನಡುಗಿದನು. ಆಗ ಯೆಶಾಯನು ಅವನನ್ನು ಕಂಡು, ಹೆದರಬೇಡ, ಒಂದು ಗುರುತನ್ನು ಕೇಳಿಕೋ ಎಂದನು, ಆಹಾಜನು ಒಲ್ಲೆನೆಂದನು. ಕೇಳದಿದ್ದರೂ ಗುರುತು ಕೊಡಲ್ಪಟ್ಟಿತು. ಒಬ್ಬ ತರುಣಿ ಮಗನನ್ನು ಹೆತ್ತು ಅವನಿಗೆ ದೇವರು ನಮ್ಮೊಡನಿದ್ದಾನೆ ಎಂಬ ಅರ್ಥದ ಇಮ್ಮಾನುವೇಲ ಎಂಬ ಹೆಸರಿಡುವಳು; ಆ ಮಗು ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಆರಿಸುವಷ್ಟು ಬುದ್ಧಿ ಬಲಿಯುವುದರೊಳಗಾಗಿ ಈ ಇಬ್ಬರು ಅರಸರ ನಾಡು ಪಾಳುಬೀಳುವುದು. ಹಾಗೆಯೇ ನಡೆಯಿತು. ಕ್ರಿ. ಪೂ. 732ರಲ್ಲಿ ದಮಸ್ಕವೂ ಹತ್ತು ವರ್ಷಗಳ ತರುವಾಯ ಸಮಾರ್ಯವೂ ಅಶ್ಶೂರರ ವಶವಾದವು. ಆಹಾಜನಿಗೆ ಬೇಕಾಗಿದ್ದುದು ಅಂದಿನ ಮುತ್ತಿಗೆಗೆ ಸಮಾಧಾನ. ಏಳು ಶತಮಾನಗಳ ಮುಂದಿನ ಒಂದು ಜನನದಿಂದ ಅವನಿಗೆ ಆಗಬೇಕಾದುದೇನು?

ಈಗ ಶಬ್ದದ ಜಗಳ. ಹೀಬ್ರೂವಿನಲ್ಲಿರುವುದು ‘ಅಲ್ಮಾ’. ಅದು ಪ್ರಾಯದ ಹುಡುಗಿ ಎಂಬರ್ಥದ ಶಬ್ದ. ಪುರುಷನನ್ನರಿಯದವಳು ಎಂಬುದನ್ನೇ ಒತ್ತಿ ಹೇಳಬೇಕಾದಾಗ ‘ಬೆತೂಲಾ’ ಎಂಬ ಬೇರೊಂದು ಶಬ್ದವಿದೆ. ಕ್ರಿಸ್ತಪೂರ್ವದಲ್ಲಿಯೇ ಯೆಹೂದ್ಯರು ಮಾಡಿದ ಗ್ರೀಕ್ ಅನುವಾದದಲ್ಲಿ ಇಲ್ಲಿ ‘ಪಾರ್ಥೆನೊಸ್’ ಎಂದಾಯಿತು. ಮತ್ತಾಯನು ಓದಿದ್ದು ಆ ಗ್ರೀಕನ್ನು. ಕನ್ನಡಿಗರಾದ ನಮಗೆ ಇದೇನೂ ಅಪರಿಚಿತ ಸಂಕಟವಲ್ಲ. ‘ಕನ್ಯೆ’ ಎಂಬಲ್ಲಿ ವಯಸ್ಸು, ಅವಿವಾಹಿತ ಸ್ಥಿತಿ, ಅಕ್ಷತತ್ವ ಮೂರೂ ಕಲೆತಿಲ್ಲವೇ? ಕನ್ಯಾದಾನವೆನ್ನುವಾಗ ಒಂದು ಮುಂದಾಗುತ್ತದೆ, ಹೆಣ್ಣು ನೋಡಲು ಬಂದವರು ಕನ್ಯೆಯನ್ನು ಕರೆಯಿರಿ ಎನ್ನುವಾಗ ಇನ್ನೊಂದು. ಗ್ರೀಕ್ ಶಬ್ದಕ್ಕೂ ಇದೇ ಸಡಿಲ ಉಂಟು. ಆದಿಕಾಂಡದ 34ನೆಯ ಅಧ್ಯಾಯದಲ್ಲಿ ಶೆಕೆಮನು ಕೆಡಿಸಿದ ಮೇಲೆಯೂ ದೀನಳನ್ನು ಗ್ರೀಕ್ ಅನುವಾದವು ಅದೇ ಶಬ್ದದಿಂದ ಕರೆದಿದೆ. 1947ರಲ್ಲಿ ಮೃತ ಸಮುದ್ರದ ದಡದ ಕುಮ್ರಾನ್ ಗವಿಯಲ್ಲಿ ದೊರೆತ ಯೆಶಾಯನ ಪ್ರಾಚೀನ ಸುರುಳಿಯಲ್ಲಿಯೂ ‘ಅಲ್ಮಾ’ ಎಂದೇ ಇದೆ. ಇಷ್ಟಾದರೂ, 1952ರಲ್ಲಿ ಅಮೆರಿಕದಲ್ಲಿ ಹೊರಟ ಪರಿಷ್ಕೃತ ಇಂಗ್ಲಿಷ್ ಅನುವಾದವು ಯೆಶಾಯನಲ್ಲಿ ತರುಣಿ ಎಂದು ಬರೆದುದಕ್ಕೆ ದೊಡ್ಡ ಗದ್ದಲವೆದ್ದು, ಒಬ್ಬ ಬೋಧಕರು ಆ ಪುಟವನ್ನು ಬೆಂಕಿಗೆ ಹಿಡಿದರು. 14ನೆಯ ವಾಕ್ಯದ ಒಂದು ಶಬ್ದಕ್ಕಾಗಿ ಇಷ್ಟು ಹೊಡೆದಾಡಿದವರು 16ನೆಯ ವಾಕ್ಯದವರೆಗೆ ಓದಿದ್ದರೆ, ಮಗುವಿನ ಎಳೆಯತನವೇ ಅಲ್ಲಿ ಕಾಲವನ್ನಳೆಯುವ ಕೋಲೆಂಬುದು ಕಾಣುತ್ತಿತ್ತು. ಜಗಳದ ಬಿಸಿ ಅರ್ಧಕ್ಕಿಳಿಯುತ್ತಿತ್ತು.

ಹಾಗಾದರೆ ಮತ್ತಾಯನು ತಪ್ಪಿದನೇ? ಅವಸರ ಬೇಡ. ಅವನ ಮನಸ್ಸು ಇರುವುದು ಹೆಸರಿನ ಮೇಲೆ ಎಂದು ನಮಗೆ ತೋರುತ್ತದೆ. ಇಮ್ಮಾನುವೇಲ ಎಂಬ ಹೆಸರಿನ ಅರ್ಥವನ್ನು ಅವನು ಅಲ್ಲಿಯೇ ಬಿಡಿಸಿ ಹೇಳುತ್ತಾನೆ. ತನ್ನ ಸುವಾರ್ತೆಯ ಕೊಟ್ಟಕೊನೆಯಲ್ಲಿ ನಾನು ಸದಾ ನಿಮ್ಮೊಡನಿರುವೆನೆಂಬ ಆಶ್ವಾಸನವನ್ನು ಯೇಸುವಿನ ಬಾಯಲ್ಲಿ ಇಡುತ್ತಾನೆ. ಮೊದಲ ಅಧ್ಯಾಯದ ಹೆಸರು ಇಪ್ಪತ್ತೆಂಟನೆಯ ಅಧ್ಯಾಯದ ಕಡೆಯ ಮಾತಿನಲ್ಲಿ ಹೋಗಿ ತುಂಬುತ್ತದೆ. ವಾದಕ್ಕೆ ಪ್ರಮಾಣ ಹುಡುಕುತ್ತಿದ್ದವನು ಹೀಗೆ ಆದ್ಯಂತಗಳನ್ನು ಹೆಣೆಯುವ ಗೊಡವೆಗೆ ಹೋಗುತ್ತಿರಲಿಲ್ಲ.

ಹೋಶೇಯನ ಮಾತಿನ ವಿನಿಯೋಗ ಇನ್ನೂ ಸ್ಪಷ್ಟವಾದದ್ದು. ಹೆರೋದನ ಮರಣದವರೆಗೆ ಮಗು ಐಗುಪ್ತದಲ್ಲಿತ್ತು, ಇದರಿಂದ ಮಗನನ್ನು ಐಗುಪ್ತದಿಂದ ಕರೆದ ಮಾತು ನೆರವೇರಿತು ಎನ್ನುತ್ತಾನೆ ಮತ್ತಾಯ. ಹೋಶೇಯನ 11ನೆಯ ಅಧ್ಯಾಯವನ್ನು ತೆರೆದು ನೋಡಿದರೆ ಅಲ್ಲಿ ಭವಿಷ್ಯವೆಂಬುದೇ ಇಲ್ಲ! ಇಸ್ರೇಲೆಂಬ ಮಗನನ್ನು ಹಿಂದೆ ದಾಸ್ಯದಿಂದ ಕರೆತಂದ ದೇವರು, ಕರೆದಷ್ಟೂ ದೂರ ಹೋಗಿ ಬಾಳನಿಗೆ ಬಲಿಯಿಕ್ಕಿದ ಆ ಮಗನನ್ನು ನೆನೆದು ಮರುಗುತ್ತಿದ್ದಾನೆ. ಕ್ರಿಯಾಪದ ಭೂತಕಾಲದ್ದು, ಮಾತು ತಂದೆಯ ಅಳಲಿನದು. ಮತ್ತಾಯನಿಗೆ ಇದು ತಿಳಿಯದೆ? ತಿಳಿದಿತ್ತೆಂಬುದಕ್ಕೆ ಒಂದು ಸೂಕ್ಷ್ಮ ಆಧಾರವಿದೆ. ಯೆಶಾಯನ ಮಾತಿಗೆ ಗ್ರೀಕ್ ಅನುವಾದವನ್ನು ಹಿಡಿದ ಅವನು ಇಲ್ಲಿ ಅದನ್ನು ಬಿಟ್ಟಿದ್ದಾನೆ. ಗ್ರೀಕಿನಲ್ಲಿರುವುದು ಅವನ ಮಕ್ಕಳು ಎಂಬ ಬಹುವಚನ. ಹೀಬ್ರೂವಿನಲ್ಲಿರುವುದು ನನ್ನ ಮಗ ಎಂಬ ಏಕವಚನ. ಮತ್ತಾಯನು ಹೀಬ್ರೂ ಪಾಠವನ್ನೇ ಅನುಸರಿಸಿದ್ದಾನೆ. ಎರಡು ಪಾಠಗಳನ್ನು ಮುಂದಿಟ್ಟುಕೊಂಡು ಆರಿಸಿದವನನ್ನು ಅಜ್ಞನೆನ್ನಲಾಗದು.

ನಮ್ಮವರಿಗೆ ಇದು ಬೇಗ ಅರ್ಥವಾಗಬೇಕು. ದಧಿಕ್ರಾ ಎಂಬ ವೇಗದ ಕುದುರೆಯನ್ನು ಹೊಗಳುವ ಋಕ್ಕನ್ನು ಪಂಚಾಮೃತದಲ್ಲಿ ಮೊಸರಿಗೆ ವಿನಿಯೋಗಿಸುವುದನ್ನು ನಾವು ಬಲ್ಲೆವು. ಮಂತ್ರದ ಅರ್ಥ ಒಂದು, ಅದರ ವಿನಿಯೋಗ ಇನ್ನೊಂದು. ಪುರೋಹಿತನು ಋಷಿಗೆ ಮೋಸ ಮಾಡಿದನೆಂದು ಯಾರೂ ಹೇಳುವುದಿಲ್ಲ. ಆದರೆ ಮೊಸರಿನ ಸಂಬಂಧ ಬರಿಯ ಧ್ವನಿಸಾಮ್ಯದ್ದು. ಮತ್ತಾಯನದು ಅದಕ್ಕಿಂತ ಆಳವಾದುದು. ಅವನ ಕಥೆಯಲ್ಲಿ ಯೇಸು ಐಗುಪ್ತದಿಂದ ಬರುತ್ತಾನೆ, ನೀರನ್ನು ಹೊಕ್ಕು ಬರುತ್ತಾನೆ, ಅರಣ್ಯದಲ್ಲಿ ನಲವತ್ತು ದಿವಸ ಹಸಿದಿರುತ್ತಾನೆ, ಬೆಟ್ಟವನ್ನೇರಿ ಧರ್ಮವನ್ನು ಹೇಳುತ್ತಾನೆ. ಇಸ್ರೇಲ್ ಜನಾಂಗವು ಸಮುದ್ರ ದಾಟಿ, ನಲವತ್ತು ವರ್ಷ ಅರಣ್ಯದಲ್ಲಿ ಅಲೆದು, ಸೀನಾಯಿಯಲ್ಲಿ ಧರ್ಮಶಾಸ್ತ್ರ ಪಡೆದ ಕಥೆ ಒಬ್ಬ ಮನುಷ್ಯನಲ್ಲಿ ಪುನಃ ನಡೆಯುತ್ತಿದೆ. ಮೊದಲ ಮಗ ತಪ್ಪಿದ ಹಾದಿಯನ್ನೇ ಈ ಮಗನು ತಪ್ಪದೆ ನಡೆದನೆಂಬುದು ಮತ್ತಾಯನ ಅಭಿಪ್ರಾಯ. ಹೋಶೇಯನ ಮಾತು ಇಸ್ರೇಲಿನದೆಂದು ಓದುಗನು ಮರೆತರೆ ಆ ಅಭಿಪ್ರಾಯವೇ ಕುಸಿಯುತ್ತದೆ. ಮೂಲಾರ್ಥ ಉಳಿದರೆ ಮಾತ್ರ ಹೊಸ ಅರ್ಥಕ್ಕೆ ನೆಲೆ.

ಇದೇ ಅಧ್ಯಾಯದಲ್ಲಿ ನಾವು ಬಹಳ ಮೆಚ್ಚುವ ಒಂದು ಎಚ್ಚರವಿದೆ. ಬೆತ್ಲೆಹೇಮಿನ ಎಳೆಮಕ್ಕಳನ್ನು ಹೆರೋದನು ಕೊಲ್ಲಿಸಿದ ಕಡೆ ಮತ್ತಾಯನು ಯೆರೆಮೀಯನ ಮಾತನ್ನು ತರುತ್ತಾನೆ. ರಾಮದಲ್ಲಿ ರಾಹೇಲಳು ತನ್ನ ಮಕ್ಕಳಿಗಾಗಿ ಸಮಾಧಾನವಿಲ್ಲದೆ ಅಳುವ ಮಾತು ಅದು. ಮಿಕ್ಕ ಕಡೆಗಳಲ್ಲಿ ಸಾಮಾನ್ಯವಾಗಿ ನೆರವೇರುವಂತೆ ಇದಾಯಿತು ಎಂದು ಬರೆಯುವವನು ಇಲ್ಲಿ ಆಗ ನೆರವೇರಿತು ಎಂದಷ್ಟೇ ಬರೆದಿದ್ದಾನೆ. ಯೂದನು ಮೂವತ್ತು ಬೆಳ್ಳಿ ನಾಣ್ಯಗಳಿಗೆ ಗುರುವನ್ನು ಮಾರಿದ ಹಣದ ಪ್ರಸಂಗದಲ್ಲಿಯೂ ಹೀಗೆಯೇ. ಕೂಸುಗಳ ಕೊಲೆಯಾದದ್ದು ಪ್ರವಾದನೆ ನೆರವೇರಲೆಂದು ಎನ್ನಲು ಅವನ ಮನಸ್ಸು ಒಪ್ಪಲಿಲ್ಲ. ಒಂದು ಅವ್ಯಯದ ವ್ಯತ್ಯಾಸದಲ್ಲಿ ಇಷ್ಟು ಧರ್ಮಸೂಕ್ಷ್ಮ ಅಡಗಿರುವುದನ್ನು ವ್ಯಾಕರಣ ಹೇಳುವ ನಾವಾದರೂ ಗಮನಿಸಬೇಡವೇ?

ಮೆಚ್ಚಿದಂತೆ ದೋಷವನ್ನೂ ಹೇಳಬೇಕು. ಜೆಕರ್ಯನ 9ನೆಯ ಅಧ್ಯಾಯದಲ್ಲಿ ಸಾಧುವಾದ ಅರಸನು ಕತ್ತೆಯನ್ನು, ಕತ್ತೆಯ ಮರಿಯನ್ನು ಏರಿ ಬರುವ ಚಿತ್ರವಿದೆ. ಒಂದೇ ಅರ್ಥವನ್ನು ಎರಡು ಸಲ ತಿರುಗಿಸಿ ಹೇಳುವುದು ಹೀಬ್ರೂ ಕಾವ್ಯದ ಲಕ್ಷಣವೆಂದು 1753ರಲ್ಲಿಯೇ ರಾಬರ್ಟ್ ಲೌತ್ ಎಂಬ ವಿದ್ವಾಂಸನು ವಿವರಿಸಿದ್ದಾನೆ. ನಮ್ಮ ಒಗಟು, ಹಾಡುಗಳನ್ನು ಬಲ್ಲವರಿಗೆ ಇದನ್ನು ಕಲಿಸಬೇಕಾಗಿಲ್ಲ. ಕತ್ತೆ ಇರುವುದು ಒಂದೇ. ಮಾರ್ಕ, ಲೂಕ, ಯೋಹಾನರಲ್ಲಿಯೂ ಒಂದೇ. ಮತ್ತಾಯನಲ್ಲಿ ಮಾತ್ರ ತಾಯಿ ಮರಿ ಎರಡೂ ಬರುತ್ತವೆ. ಅವುಗಳ ಮೇಲೆ ಬಟ್ಟೆ ಹಾಕಿದರೆಂದೂ ಅವನು ಅವುಗಳ ಮೇಲೆ ಕುಳಿತನೆಂದೂ ಓದಿದವರು ಅದನ್ನು ಚಿತ್ರಿಸಿಕೊಳ್ಳಲು ಕಷ್ಟಪಡಬೇಕಾಗುತ್ತದೆ. ಯೋಹಾನನಿಗೂ ಬೇರೊಂದು ಕಡೆ ಇದೇ ಗತಿಯಾಗಿದೆ. 22ನೆಯ ಕೀರ್ತನೆಯಲ್ಲಿ ಬಟ್ಟೆ ಹಂಚಿಕೊಳ್ಳುವುದು, ಉಡುಪಿಗೆ ಚೀಟು ಹಾಕುವುದು ಎಂದು ಜೋಡಿಸಿ ಹೇಳಿದ್ದನ್ನು ಅವನು ಎರಡು ಪ್ರತ್ಯೇಕ ಕ್ರಿಯೆಗಳನ್ನಾಗಿ ಮಾಡಿ, ಹೊಲಿಗೆಯಿಲ್ಲದ ಅಂಗಿಗೆ ಮಾತ್ರ ಚೀಟು ಹಾಕಿಸಿದ್ದಾನೆ. ಕವಿಯ ಪುನರುಕ್ತಿಯನ್ನು ಗದ್ಯದ ಲೆಕ್ಕದಲ್ಲಿ ಓದಿದರೆ ಹೀಗಾಗುತ್ತದೆ.

ಇನ್ನೆರಡು ತೊಡಕುಗಳಿವೆ. ಯೇಸುವನ್ನು ನಜರೇತಿನವನೆಂದು ಕರೆಯುವರೆಂಬ ಪ್ರವಾದಿಗಳ ಮಾತು ನೆರವೇರಿತೆಂದು 2ನೆಯ ಅಧ್ಯಾಯದ ಕೊನೆಯಲ್ಲಿದೆ. ಅಂತಹ ಮಾತು ಯಾವ ಪ್ರವಾದಿಯಲ್ಲಿಯೂ ಇಲ್ಲ. ನಜರೇತೆಂಬ ಊರಿನ ಹೆಸರೇ ಹಳೆಯ ಒಡಂಬಡಿಕೆಯಲ್ಲಿಲ್ಲ. ಯೆಶಾಯನಲ್ಲಿ ಚಿಗುರೆಂಬರ್ಥದ ‘ನೇಚೆರ್’ ಶಬ್ದವನ್ನು ಕೆಲವರು, ವ್ರತಸ್ಥನೆಂಬರ್ಥದ ‘ನಾಜೀರ್’ ಶಬ್ದವನ್ನು ಕೆಲವರು ಮುಂದೊಡ್ಡುತ್ತಾರೆ. ಮೂವತ್ತು ಬೆಳ್ಳಿ ನಾಣ್ಯದ ಮಾತನ್ನು ಮತ್ತಾಯನು ಯೆರೆಮೀಯನದೆಂದು ಹೇಳುತ್ತಾನೆ. ಅದು ಬಹುಮಟ್ಟಿಗೆ ಜೆಕರ್ಯನಲ್ಲಿದೆ. ಇದನ್ನು ಕ್ರಿ. ಶ. 400ರ ಸುಮಾರಿನಲ್ಲಿಯೇ ಅಗಸ್ಟೀನನು ಕಂಡು ತಲೆ ಕೆಡಿಸಿಕೊಂಡಿದ್ದನು. ವಿಚಾರವಾದಿಗಳು ಈ ತೊಡಕುಗಳನ್ನು ಕಂಡು ಹಿಗ್ಗುವುದುಂಟು. ನಮಗಾದರೋ ಇವೇ ಮುಖ್ಯವಾದ ಸುಳಿವುಗಳೆಂದು ತೋರುತ್ತದೆ. ಪ್ರವಾದನೆಯನ್ನು ಮುಂದಿಟ್ಟುಕೊಂಡು ಕಥೆಯನ್ನು ಕಟ್ಟುವವನು ಇಲ್ಲದ ಪ್ರವಾದನೆಗೆ ತಕ್ಕಂತೆ ಊರನ್ನು ಏಕೆ ಕಟ್ಟಿಯಾನು? ಯೇಸು ನಜರೇತಿನವನೆಂಬುದು ಎಲ್ಲರೂ ಬಲ್ಲ ಸಂಗತಿ. ಅದು ಮೊದಲು, ಅದಕ್ಕೆ ಹೊಂದುವ ಮಾತಿನ ಹುಡುಕಾಟ ಆಮೇಲೆ. ಎರಡು ಕತ್ತೆಗಳಂತಹ ವಿವರದಲ್ಲಿ ಗ್ರಂಥವು ಕಥೆಯನ್ನು ತಿದ್ದಿರಬಹುದು, ಇಲ್ಲವೆನ್ನುವುದಿಲ್ಲ. ಕಥೆಯ ಬೆನ್ನೆಲುಬು ಮಾತ್ರ ಗ್ರಂಥದಿಂದ ಹುಟ್ಟಿದ್ದಲ್ಲ. ಇದನ್ನು ಯೋಹಾನನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಕತ್ತೆಯೇರಿ ಬಂದ ದಿನ ಶಿಷ್ಯರಿಗೆ ಏನೂ ತಿಳಿಯಲಿಲ್ಲವೆಂದೂ, ಯೇಸು ಮಹಿಮೆ ಹೊಂದಿದ ಮೇಲೆ ಗ್ರಂಥದ ಮಾತು ನೆನಪಿಗೆ ಬಂದಿತೆಂದೂ ಅವನ 12ನೆಯ ಅಧ್ಯಾಯ ಹೇಳುತ್ತದೆ.

ಇಂತಹ ಓದು ಮತ್ತಾಯನೊಬ್ಬನ ಸೃಷ್ಟಿಯೂ ಅಲ್ಲ. ಕುಮ್ರಾನಿನ ಮೊದಲ ಗವಿಯಲ್ಲಿಯೇ ಹಬಕ್ಕೂಕನ ಪ್ರವಾದನೆಗೆ ಬರೆದ ಒಂದು ವ್ಯಾಖ್ಯಾನ ಸಿಕ್ಕಿತು. ಬಾಬಿಲೋನಿನ ದಂಡನ್ನು ಕುರಿತು ಹಬಕ್ಕೂಕನು ಆಡಿದ ಮಾತುಗಳನ್ನು ಆ ಯೆಹೂದ್ಯ ವ್ಯಾಖ್ಯಾನಕಾರನು ತನ್ನ ಕಾಲದ ರೋಮನರಿಗೆ, ತನ್ನ ಪಂಥದ ನೀತಿಯ ಗುರುವಿಗೆ, ಅವನ ಶತ್ರುವಾದ ದುಷ್ಟ ಯಾಜಕನಿಗೆ ಅನ್ವಯಿಸುತ್ತ ಹೋಗುತ್ತಾನೆ. ಹಬಕ್ಕೂಕನಿಗೆ ಬರೆಯೆಂದು ಅಪ್ಪಣೆಯಾಯಿತೇ ವಿನಾ ಅದರ ಪೂರ್ಣ ಗುಟ್ಟು ತಿಳಿಯಲಿಲ್ಲ, ಅದು ನಮ್ಮ ಗುರುವಿಗೆ ತಿಳಿಯಿತು ಎಂದು ಅವನ ಪ್ರತಿಜ್ಞೆ. ಆದಕಾರಣ ಮತ್ತಾಯನು ಯೆಹೂದ್ಯರ ಮನೆಯೊಳಗೆ ಕುಳಿತು, ಯೆಹೂದ್ಯರ ಕ್ರಮದಲ್ಲಿಯೇ, ಅದೇ ಮನೆಯವರೊಡನೆ ಮಾತನಾಡುತ್ತಿದ್ದವನೆಂದು ತಿಳಿಯಬೇಕು. ಒಂದೇ ಗ್ರಂಥವನ್ನು ಅಣ್ಣತಮ್ಮಂದಿರು ಬೇರೆ ಬೇರೆಯಾಗಿ ಓದಿದ ಹಾಗೆ.

ಮನೆ ಪಾಲಾದ ಮೇಲೆ ಮಾತಿನ ಧಾಟಿ ಬದಲಾಯಿತು. ಎರಡನೆಯ ಶತಮಾನದ ನಡುವಿನಲ್ಲಿ ಜಸ್ಟಿನನು ಬರೆದ ಸಂವಾದದಲ್ಲಿ ತ್ರೂಫೋನನೆಂಬ ಯೆಹೂದ್ಯನು, ಯೆಶಾಯನ ಮಾತು ತರುಣಿಯನ್ನು ಕುರಿತದ್ದು, ಆ ಮಗು ಅರಸನಾದ ಹಿಜ್ಕೀಯ ಎಂದು ಪೂರ್ವಪಕ್ಷ ಮಾಡುತ್ತಾನೆ. ಉತ್ತರವಾಗಿ ಜಸ್ಟಿನನು, ನಿಮ್ಮ ಗ್ರಂಥ ನಿಮಗೇ ತಿಳಿಯದು ಎನ್ನುತ್ತಾನೆ. ಓದಾಗಿದ್ದುದು ಆರೋಪವಾಯಿತು. 1263ರಲ್ಲಿ ಬಾರ್ಸಿಲೋನದಲ್ಲಿ ಅರಾಗಾನಿನ ದೊರೆ ಜೇಮ್ಸನ ಮುಂದೆ, ಗಿರೋನದ ಪಂಡಿತ ಮೋಶೆ ಬೆನ್ ನಹ್ಮಾನನನ್ನು ನಿಲ್ಲಿಸಿ, ಮೆಸ್ಸೀಯನು ಬಂದಾಯಿತೋ ಇಲ್ಲವೋ ಎಂದು ವಾದಿಸಹೇಳಿದರು. ಪ್ರವಾದಿಗಳು ಹೇಳಿದ ಶಾಂತಿ ಎಲ್ಲಿದೆ, ಲೋಕ ಹಿಂಸೆಯಿಂದ ತುಂಬಿದೆಯಲ್ಲ ಎಂದು ಅವನು ಕೇಳಿದ ಪ್ರಶ್ನೆಗೆ ಇಂದಿಗೂ ಸುಲಭದ ಉತ್ತರವಿಲ್ಲ. ದೊರೆ ಅವನನ್ನು ಗೌರವಿಸಿದರೂ ಮಠದವರು ಬಿಡಲಿಲ್ಲ. ಮುದಿಪ್ರಾಯದಲ್ಲಿ ದೇಶ ಬಿಟ್ಟು ಹೋಗಬೇಕಾಯಿತು. ಕ್ರೈಸ್ತಸಭೆಯ ಪಾಲಿಗೆ ಇನ್ನೊಂದು ಕಡೆಯ ಅಪಾಯವೂ ಇದ್ದುದನ್ನು ಮರೆಯಬಾರದು. ಕ್ರಿ. ಶ. 144ರ ಸುಮಾರಿನಲ್ಲಿ ಮಾರ್ಸಿಯನನೆಂಬವನು ಹೀಬ್ರೂ ಗ್ರಂಥವೇ ಬೇಡವೆಂದಾಗ ರೋಮಿನ ಸಭೆ ಅವನನ್ನೇ ಹೊರಗಿಟ್ಟಿತು. ನೆರವೇರಿಕೆಯ ಓದು ಇಲ್ಲದಿದ್ದರೆ ಕ್ರೈಸ್ತರು ಆ ಗ್ರಂಥವನ್ನು ಉಳಿಸಿಕೊಳ್ಳುತ್ತಿದ್ದರೇ ಎಂಬುದು ಸಂದೇಹ.

ಬಹುಕಾಲದ ತರುವಾಯ ಧಾಟಿ ಮತ್ತೆ ತಿರುಗಿದೆ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಯೇಸುವಿನ ಮರಣದ ಹೊಣೆಯನ್ನು ಯೆಹೂದ್ಯರೆಲ್ಲರ ಮೇಲೆ ಹೊರಿಸಲಾಗದೆಂದು ಸಾರಿತು. 2001ರಲ್ಲಿ ರೋಮಿನ ಬೈಬಲ್ ಆಯೋಗವು ಹೀಬ್ರೂ ಗ್ರಂಥದ ಯೆಹೂದ್ಯ ಓದು ಸಾಧ್ಯವಾದ, ಸಂಗತವಾದ ಒಂದು ಓದೇ ಎಂದು ಒಪ್ಪಿಕೊಂಡಿತು. ಹಿಂದಿರುಗಿ ನೋಡಿದಾಗ ಮಾತ್ರ ಕಾಣುವ ಅರ್ಥವನ್ನು ನೇರವಾಗಿ ನೋಡಿದವರು ಕಾಣಲಿಲ್ಲವೆಂದು ದೂರಬಾರದೆಂಬುದೇ ಅದರ ತಿರುಳು. ಜಸ್ಟಿನನು ಕೇಳಿದ್ದರೆ ಬೆರಗಾಗುತ್ತಿದ್ದನು.

ನಮ್ಮ ಆಲಂಕಾರಿಕರು ಧ್ವನಿಯಲ್ಲಿ ಎರಡು ಬಗೆಯನ್ನು ಹೇಳಿದ್ದಾರೆ. ವಾಚ್ಯಾರ್ಥವು ಬೇಡವಾಗಿ ಬಿದ್ದುಹೋಗುವುದು ಒಂದು. ವಾಚ್ಯಾರ್ಥವು ಇದ್ದೂ ತನ್ನಿಂದಾಚೆಗಿನ ಅರ್ಥಕ್ಕೆ ಒಪ್ಪಿಸಿಕೊಂಡು ನಿಲ್ಲುವುದು ಇನ್ನೊಂದು. ಎರಡನೆಯದನ್ನು ವಿವಕ್ಷಿತಾನ್ಯಪರವಾಚ್ಯವೆಂದು ಆನಂದವರ್ಧನನು ಕರೆದನು. ವಾದಕ್ಕಿಳಿದ ಕ್ರೈಸ್ತ ಪಂಡಿತರು ಪ್ರವಾದಿಗಳನ್ನು ಮೊದಲನೆಯ ಬಗೆಯಾಗಿ ಓದಿದರು. ಆಹಾಜನೂ ಮುತ್ತಿಗೆಯೂ ಬಿದ್ದುಹೋದವು. ಮತ್ತಾಯನನ್ನು ಎರಡನೆಯ ಬಗೆಯಾಗಿ ಓದುವುದು ಸಾಧ್ಯ, ಹಾಗೆ ಓದಿದರೆ ಅವನು ದೊಡ್ಡ ಲೇಖಕನಾಗಿ ಕಾಣುತ್ತಾನೆ. ಇಲ್ಲಿ ಒಂದು ಆಕ್ಷೇಪ ಬರಬಹುದು. ಧ್ವನಿಯೆಂಬುದು ಕವಿಯದೇ ಆದ ವಿವಕ್ಷೆ. ಯೆಶಾಯನ ವಿವಕ್ಷೆಯಲ್ಲಿ ಯೇಸು ಇದ್ದನೇ? ಇತಿಹಾಸದ ದೃಷ್ಟಿಯಿಂದ ಇರಲಿಲ್ಲವೆಂದೇ ಹೇಳಬೇಕು. ದೇವರ ವಿವಕ್ಷೆಯಲ್ಲಿದ್ದನೆಂದು ವಿಶ್ವಾಸಿ ಹೇಳಿದರೆ ಅದು ಅವನ ವಿಶ್ವಾಸ. ಸಾಹಿತ್ಯವಿಮರ್ಶೆಗೆ ಅಲ್ಲಿಗೆ ಪ್ರವೇಶವಿಲ್ಲ. ಸಹೃದಯನಿಗೆ ಹೊಳೆದ ಧ್ವನಿಯನ್ನು ಹೊಳೆಯದವನ ಮೇಲೆ ದಾವೆಯಾಗಿ ಹೂಡಲಾಗದು ಎಂಬಷ್ಟನ್ನು ಮಾತ್ರ ನಾವು ಒತ್ತಿ ಹೇಳಬಲ್ಲೆವು.

ಯೆಶಾಯನ 53ನೆಯ ಅಧ್ಯಾಯದ ನೊಂದ ಸೇವಕನ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅವನು ಯೇಸುವೆಂದು ಕ್ರೈಸ್ತರು. ಚದರಿಹೋಗಿ ನೊಂದ ಇಸ್ರೇಲ್ ಜನಾಂಗವೇ ಅವನೆಂದು ಯೆಹೂದ್ಯರು ತನಗೆ ಹೇಳಿದುದನ್ನು ಮೂರನೆಯ ಶತಮಾನದ ಒರಿಗೆನನು ದಾಖಲಿಸಿದ್ದಾನೆ, ಹನ್ನೊಂದನೆಯ ಶತಮಾನದ ರಾಶಿಯ ವ್ಯಾಖ್ಯಾನವೂ ಅದೇ. ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿ ಇಥಿಯೋಪ್ಯದ ರಾಣಿಯ ಕೋಶಾಧಿಕಾರಿ ರಥದಲ್ಲಿ ಕುಳಿತು ಇದೇ ಭಾಗವನ್ನು ಗಟ್ಟಿಯಾಗಿ ಓದುತ್ತಿರುವಾಗ ಫಿಲಿಪ್ಪನು ಓಡಿ ಬಂದು, ಓದುತ್ತಿರುವುದು ತಿಳಿಯುತ್ತದೆಯೇ ಎಂದು ಕೇಳುತ್ತಾನೆ. ತಿಳಿಸುವವರಿಲ್ಲದೆ ಹೇಗೆ ತಿಳಿದೀತು ಎಂದು ಅವನನ್ನು ರಥಕ್ಕೆ ಹತ್ತಿಸಿಕೊಂಡ ಆ ಅಧಿಕಾರಿ, ಪ್ರವಾದಿ ಇದನ್ನು ತನ್ನನ್ನು ಕುರಿತು ಹೇಳಿದನೋ ಬೇರೊಬ್ಬನನ್ನು ಕುರಿತೋ ಎಂದು ವಿಚಾರಿಸುತ್ತಾನೆ. ಲೂಕನು ಈ ಪ್ರಶ್ನೆಯನ್ನು ಪೂರ್ತಿಯಾಗಿ ಬರೆದಿದ್ದಾನೆ. ಫಿಲಿಪ್ಪನು ಆ ವಚನದಿಂದಲೇ ಆರಂಭಿಸಿ ಯೇಸುವಿನ ವಿಷಯವನ್ನು ಹೇಳಿದನೆಂದು ಉತ್ತರಕ್ಕೆ ಒಂದೇ ವಾಕ್ಯ. ಪ್ರವಾದಿ ತನ್ನನ್ನು ಕುರಿತು ಹೇಳಿದನೇ ಎಂಬ ಅರ್ಧಕ್ಕೆ ಫಿಲಿಪ್ಪನು ಏನೆಂದನೋ, ಲೂಕನು ಬರೆದಿಲ್ಲ.